ಅಲ್ಲಾಡದ ಹಾಗೆ

"ಓರೆ ಮಾಡ್ರೋ, ಓರೆ! ಹ್ಯಾಂಡಲ್‌ಗೆ ಸಿಕ್ಕಾಕ್ಕೊಂಡಿದೆ," ಎಂದು ಉದ್ದಣ್ಣ ಗೇಟಿನಿಂದ ಕೂಗಿದ. ಖಾಲಿ ಸ್ಟ್ರೆಚರ್ ಹಿಡಿದಿದ್ದ ಇಬ್ಬರು ಹಿಂದೆ ಸರಿದರು, ಮುಂದೆ ಬಂದರು, ಮತ್ತೆ ಹಿಂದೆ ಸರಿದರು. ಗೇಟಿನಿಂದ ಮನೆಬಾಗಿಲವರೆಗಿನ ಪ್ಯಾಸೇಜು ಮೊದಲೇ ಇಕ್ಕಟ್ಟು. ಅದರಲ್ಲಿ ಅರ್ಧ ಜಾಗ ಸತ್ತವನ ಬೈಕಿನದು. ಖಾಲಿ ಸ್ಟ್ರೆಚರೇ ಒಳಗೆ ಬರಲು ಇಷ್ಟು ರಗಳೆ ಮಾಡಿದರೆ, ಆಳನ್ನು ಮಲಗಿಸಿಕೊಂಡು ಹೊರಗೆ ಹೋಗುವುದು ಹೇಗೆ ಎಂಬುದು ಎಲ್ಲರಿಗೂ ಹೊಳೆಯಿತು.

"ಗಾಡಿ ಆಚೆ ತಳ್ಳಿಬಿಡಿ," ಎಂದಳು ಸತ್ತವನ ಹೆಂಡತಿ.

"ತಳ್ಳೋದ್ಯಾಕೆ ಅತ್ತಿಗೆ?" ಮೈದುನ ಗೋಡೆಯ ಮೊಳೆಯಿಂದ ಕೀ ತೆಗೆದುಕೊಂಡ. "ಸ್ಟಾರ್ಟ್ ಮಾಡಿ ತೆಗೀತೀನಿ. ವ್ಯಾನಿನ ಮುಂದೆ ಅಣ್ಣನ ಗಾಡಿ ಹೋಗ್ಲಿ, ಲೈಟ್ ಹಾಕ್ಕೊಂಡು. ಇದರ ಮೇಲೇ ಅಲ್ವಾ ಊರೆಲ್ಲ ಸುತ್ತಿದ್ದು?"

ನೆರೆದವರಿಗೆ ಈ ಮಾತು ಹಿಡಿಸಿತು. ಸತ್ತವನು ಕರೆಂಟ್ ಮೀಟರ್ ಓದುವ ಕೆಲಸದವನು. ಯಾವ ಮನೆಯ ಮೀಟರ್ ಮೆಟ್ಟಿಲ ಕೆಳಗಿದೆ, ಯಾವುದು ನಾಯಿ ಕಟ್ಟುವ ಗೋಡೆಯಲ್ಲಿದೆ ಎಂಬುದು ಅವನಿಗೆ ಬಾಯಿಪಾಠ. ಬೈಕಿನ ಸದ್ದು ಕೇಳಿದರೆ ಸಾಕು, ಜನ ನಾಯಿಯನ್ನು ಒಳಗೆ ಕಟ್ಟಿಹಾಕುತ್ತಿದ್ದರು.

"ಅದು ಸ್ಟಾರ್ಟ್ ಆಗಲ್ಲ," ಎಂದಳು.

"ಯಾಕಾಗಲ್ಲ? ಹೋದ ವಾರ ಅಣ್ಣನೇ ಫೋನಲ್ಲಿ ಹೇಳಿದ್ನಲ್ಲ. ನಿಮ್ಮತ್ತಿಗೆ ಭಾನುವಾರ ಭಾನುವಾರ ಬ್ಯಾಟರಿ ಚಾರ್ಜ್ ಮಾಡಿಸಿ ಕೂರಿಸ್ತಾಳೆ, ಬಟನ್ ಒತ್ತಿದ್ರೆ ಸಾಕು ಅಂತ."

ಬ್ಯಾಟರಿಯ ಜಾಗದಲ್ಲಿ ಏನಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಹೆಣ ಇನ್ನೂ ಮನೆಯೊಳಗಿರುವಾಗ ಅದು ಹೊರಗೆ ಬರಬಾರದು, ಇವತ್ತೊಂದು ದಿನ ಮುಚ್ಚಿಕೊಂಡಿದ್ದರೆ ಸಾಕು ಎಂದು ಅವಳು ಬೇಡಿಕೊಂಡಳು.

*

ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಗಂಡ ಬಾಯಿಬಿಟ್ಟು ಕೇಳಿದ್ದು ಬ್ಯಾಟರಿಯೊಂದನ್ನೇ. ನಿಂತ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ. ನಾಳೆ ತಾನು ಎದ್ದು ನಿಂತಾಗ ಗಾಡಿ ಮಲಗಿದ್ದರೆ ಹೇಗೆ? ಪ್ಯಾಸೇಜಿನಲ್ಲಿ ಕುರ್ಚಿ ಹಾಕಿಸಿಕೊಂಡು ಅವನು ಅವಳಿಗೆ ಕಲಿಸಿದ.

"ಬಿಚ್ಚುವಾಗ ಮೊದಲು ಮೈನಸ್ಸು, ಹಾಕುವಾಗ ಕೊನೇಗೆ ಮೈನಸ್ಸು. ಅದಲುಬದಲು ಮಾಡಿದ್ರೆ ಕಿಡಿ ಹಾರಿ ನಿನ್ನ ಹುಬ್ಬು ಸುಟ್ಟುಹೋಗುತ್ತೆ ನೋಡು."

"ಹೋಗ್ಲಿ ಬಿಡಿ. ಈ ವಯಸ್ಸಲ್ಲಿ ನನ್ನ ಹುಬ್ಬು ನೋಡೋರು ಯಾರು?"

"ನಾನಿಲ್ವಾ?"

ಭಾನುವಾರ ಬೆಳಿಗ್ಗೆ ಅವಳು ಬ್ಯಾಟರಿಯನ್ನು ಚೀಲದಲ್ಲಿಟ್ಟುಕೊಂಡು ತಿರುವಿನ ಅಂಗಡಿಗೆ ಹೋಗಿ ಚಾರ್ಜಿಗೆ ಹಾಕುವಳು. ಸಂಜೆ ತಂದು ಕೂರಿಸುವಳು. ಎಲ್ಲ ಬಂದರೂ ಬ್ಯಾಟರಿಯನ್ನು ಬಿಗಿಯುವ ರಬ್ಬರ್ ಪಟ್ಟಿಯ ಕೊಕ್ಕೆ ಮಾತ್ರ ಅವಳಿಗೆ ಬರಲಿಲ್ಲ. ಅದನ್ನು ಒಳಗಿನಿಂದ ಹೊರಕ್ಕೆ ಸಿಕ್ಕಿಸಬೇಕು ಎಂದು ಅವನು. ಹೊರಗಿನಿಂದ ಸಿಕ್ಕಿಸಿದರೆ ಪ್ರಳಯವೇನೂ ಆಗುವುದಿಲ್ಲ ಎಂದು ಅವಳು. ಕೊನೆಗೆ ಅವನು ಎಡಗೈ ಹಾಕಿ ಅಲ್ಲಾಡಿಸಿ ನೋಡುವನು.

"ಅಲ್ಲಾಡಬಾರದು ಕಣೇ. ಅಲ್ಲಾಡಿದ್ರೆ ಒಳಗಿನ ತಗಡೆಲ್ಲ ಉದುರಿ ಹೋಗುತ್ತೆ. ಈ ಬಿಸಿಲು ಕಡಿಮೆಯಾಗ್ಲಿ, ಒಂದು ಸುತ್ತು ಹಾಕಿ ಬರ್ತೀನಿ."

ಒಂದು ಭಾನುವಾರ ಅಂಗಡಿಯವನು ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ತಲೆಯಾಡಿಸಿದ. "ಅಕ್ಕಾ, ಇದರ ಕತೆ ಮುಗೀತು. ಎಷ್ಟು ಹೊತ್ತಿಟ್ರೂ ಚಾರ್ಜ್ ಹಿಡೀತಿಲ್ಲ." ಹಳೆಯದರ ನಂಬರು ನೋಡಿ, ಅಳತೆ ನೋಡಿ, ಪ್ಲಸ್ ಯಾವ ಕಡೆಗಿದೆ ಎಂದೂ ನೋಡಿ, ಅಂಥದ್ದೇ ಹೊಸದೊಂದನ್ನು ಕೆಳಗಿಳಿಸಿದ. "ಗಾಡಿ ಯಾರು ಓಡಿಸ್ತಾರೆ?"

ಆ ವಾರವೇ ಡಾಕ್ಟರು ಅವಳನ್ನು ಬಾಗಿಲಾಚೆ ಕರೆದು, ಇನ್ನು ಗೇಟಿನವರೆಗೆ ನಡೆದರೆ ಅದೇ ದೊಡ್ಡದು ಎಂದಿದ್ದರು.

"ಯಾರೂ ಇಲ್ಲ," ಎಂದಳು. "ಬೇಡ ಬಿಡಿ."

ಬಾಯಿಂದ ಬಂದದ್ದು ಬಂದುಹೋಯಿತು. ಹಳೆಯದನ್ನೂ ಅಲ್ಲೇ ಬಿಟ್ಟು ನಡೆದಳು. ಮನೆ ಹತ್ತಿರ ಬಂದಂತೆ ನಡಿಗೆ ನಿಧಾನವಾಯಿತು. ಗಂಡ ಇನ್ನೂ ಉಸಿರಾಡುತ್ತಿರುವಾಗಲೇ ತಾನು ಅವನನ್ನು ಲೆಕ್ಕದಿಂದ ಹೊಡೆದುಹಾಕಿದ್ದೆ ಎನಿಸಿತು. ಅವನ ಮುಖ ನೋಡಿಕೊಂಡು ಅದನ್ನು ಹೇಳುವುದು ಅವಳ ಕೈಲಾಗದ ಕೆಲಸ. ನಲ್ಲಿಯ ಪಕ್ಕ ಬಿದ್ದಿದ್ದ ಅರ್ಧ ಇಟ್ಟಿಗೆಗೆ ಕಪ್ಪು ಪ್ಲಾಸ್ಟಿಕ್ ಕವರ್ ಸುತ್ತಿ, ಬ್ಯಾಟರಿಯ ಗೂಡಿನಲ್ಲಿ ಕೂರಿಸಿ, ವೈರಿನ ತುದಿಗಳನ್ನು ಎರಡೂ ಕಡೆ ತುರುಕಿ, ಮೇಲೆ ಪಟ್ಟಿ ಎಳೆದಳು.

"ಬಂತಾ?" ಒಳಗಿನಿಂದ ಅವನ ದನಿ.

"ಬಂತು."

ಅವಳ ಹೆಗಲು ಹಿಡಿದು ಕುರ್ಚಿಗೆ ಬಂದು ಕೂತ. ಅವಳು ಬೆಳಕಿಗೆ ಅಡ್ಡ ನಿಂತಳು. ಅವನು ಎಡಗೈ ಹಾಕಿ ಅಲ್ಲಾಡಿಸಿದ. ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ಸರಿಯಾಗಿದೆ," ಎಂದ. "ನಿನಗೆ ಕೈ ಕುದುರಿದೆ. ಇನ್ಮೇಲೆ ನಾನು ನೋಡೋದೇನೂ ಬೇಡ."

ಬದುಕಿದೆ ಎಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ಅವಳಿಗೇ ಹೇಸಿಗೆಯಾಯಿತು. ಅಂದಿನಿಂದ ಭಾನುವಾರ ಬಂದರೆ ಖಾಲಿ ಚೀಲ ಹಿಡಿದು ಹೊರಟು, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಸಂಜೆ ಮನೆಗೆ ಬಂದು ಬ್ಯಾಟರಿಯ ಗೂಡು ಮುಚ್ಚುವ ಸೈಡ್ ಕವರನ್ನು ಎರಡು ಸಲ ತಟ್ಟಿ ಸದ್ದು ಮಾಡುವಳು. ನೆಲ ತೊಳೆಯಲು ಗಾಡಿ ಸರಿಸಿದಾಗಲೆಲ್ಲ ಒಳಗೆ ಇಟ್ಟಿಗೆ ಟಕ್ ಟಕ್ ಎನ್ನುತ್ತಿತ್ತು, ಅವನಿಗೆ ಕೇಳಿಸೀತೆಂದು ಜೀವ ಹಿಡಿಯಾಗುತ್ತಿತ್ತು. ಆಮೇಲಾಮೇಲೆ ಆ ಸದ್ದು ನಿಂತುಹೋಯಿತು. ಇಟ್ಟಿಗೆ ತಾನೇ ಹೊಂದಿಕೊಂಡಿರಬೇಕು ಎಂದು ಸುಮ್ಮನಾದಳು.

ಅದೇ ಸುಮಾರಿಗೆ ಅವನ ಬಲಗಾಲಿನ ನೀಲಿ ರಬ್ಬರ್ ಚಪ್ಪಲಿ ಕಾಣೆಯಾಯಿತು.

"ನಾಯಿ ಎತ್ಕೊಂಡು ಹೋಯ್ತು," ಎಂದ. "ಬಿಡು, ಆ ಕಾಲಿಗೆ ಯಾಕೆ ಚಪ್ಪಲಿ?"

ಅವಳು ಪಕ್ಕದ ಮನೆಯ ನಾಯಿಗೆ ಬಾಯಿಗೆ ಬಂದಂತೆ ಬೈದು, ಅದಕ್ಕೆ ಉಳಿದಪಳಿದದ್ದು ಹಾಕುವುದನ್ನೇ ನಿಲ್ಲಿಸಿದಳು.

*

ಮೈದುನ ಬಟನ್ ಒತ್ತಿದ. ಏನೂ ಇಲ್ಲ. ಹಾರ್ನ್ ಒತ್ತಿದ. ಅದೂ ಇಲ್ಲ.

"ವೈರ್ ಸಡಿಲ ಆಗಿರ್ಬೇಕು," ಎಂದು ಜೇಬಿನಿಂದ ನಾಣ್ಯ ತೆಗೆದು ಸೈಡ್ ಕವರಿನ ಸ್ಕ್ರೂಗೆ ಇಟ್ಟ.

"ಬೇಡಪ್ಪಾ, ನಿನ್ನ ದಮ್ಮಯ್ಯ, ತಳ್ಳಿಬಿಡು."

"ಒಂದೇ ನಿಮಿಷ ಅತ್ತಿಗೆ."

ಕವರು ಕೈಗೆ ಬಂತು. ಅವನು ಬಗ್ಗಿ ನೋಡಿದ, ಕಪ್ಪು ಪ್ಲಾಸ್ಟಿಕ್ಕನ್ನು ಉಗುರಿನಿಂದ ಹರಿದ. ಕೆಂಪು ಪುಡಿ ಬೆರಳಿಗೆ ಅಂಟಿತು.

"ಇದೇನಿದು... ಇಟ್ಟಿಗೆ?"

ಪಕ್ಕದ ಮನೆಯಾಕೆ ಬಾಯಿ ಮೇಲೆ ಕೈ ಇಟ್ಟಳು. ಮೈದುನ ಎದ್ದು ನಿಂತ. ಅಣ್ಣ ಸತ್ತ ಸುದ್ದಿ ಕೇಳಿದಾಗಲೂ ಅವನ ಮುಖ ಇಷ್ಟು ಕೆಟ್ಟಿರಲಿಲ್ಲ.

"ಕೈಲಾಗದೋನಿಗೆ ಇಟ್ಟಿಗೆ ಇಟ್ಟು ಬ್ಯಾಟರಿ ಅಂದ್ರಾ ಅತ್ತಿಗೆ? ಅವನು ಅದನ್ನೇ ನಂಬಿಕೊಂಡು ಸತ್ತ. ಫೋನಲ್ಲಿ ಎಷ್ಟು ಹೊಗಳ್ತಿದ್ದ ನಿಮ್ಮನ್ನ!"

"ಹೌದು," ಎಂದಳು.

ಅವನು ಇಟ್ಟಿಗೆಯನ್ನು ಕಿತ್ತು ಬಿಸಾಡಲು ಕೈ ಹಾಕಿದ. ಅದು ಬರಲಿಲ್ಲ. ಇನ್ನೊಮ್ಮೆ ಜಗ್ಗಿದ. ಗಾಡಿಯೇ ಅಲ್ಲಾಡಿತು, ಇಟ್ಟಿಗೆ ಅಲ್ಲಾಡಲಿಲ್ಲ.

"ತಡಿ, ತಡಿ." ಉದ್ದಣ್ಣ ತನ್ನ ಉದ್ದ ಬೆನ್ನನ್ನು ಮಡಚಿಕೊಂಡು ಗಾಡಿಯ ಪಕ್ಕ ಕೂತ. ಸತ್ತವನ ಜೊತೆಗೇ ಕೆಲಸಕ್ಕೆ ಸೇರಿ, ಜೊತೆಗೇ ಬೀದಿ ಬೀದಿ ಅಲೆದವನು. "ಇದನ್ನ ಕೂರಿಸಿದ್ದು ಯಾರು ತಂಗೀ?"

"ನಾನೇ ಅಣ್ಣಾ."

"ಇಟ್ಟಿದ್ದು ನೀನಿರಬಹುದು. ಬಿಗಿದಿರೋದು ನಿನ್ನ ಕೈಯಲ್ಲ. ಕೊಕ್ಕೆ ನೋಡು, ಒಳಗಿಂದ ಹೊರಕ್ಕೆ. ಹೀಗೆ ಹಾಕೋನು ನಮ್ಮ ಆಫೀಸಲ್ಲೆಲ್ಲ ಒಬ್ಬನೇ. ನಾವು ಎಷ್ಟು ನಗ್ತಿದ್ವಿ ಅವನನ್ನ ನೋಡಿ."

ಅವಳು ಬಂದು ಬಗ್ಗಿದಳು. ವೈರಿನ ಎರಡು ತುದಿಗಳಿಗೂ ಬೇರೆ ಬೇರೆ ಟೇಪು ಸುತ್ತಿತ್ತು. ಇಟ್ಟಿಗೆಗೂ ಗೂಡಿಗೂ ನಡುವಿನ ಸಂದಿಗೆ ನಾಲ್ಕೂ ಕಡೆ ರಬ್ಬರ್ ತುಂಡುಗಳು, ಬ್ಲೇಡಿನಿಂದ ಅಳತೆಗೆ ಕೊಯ್ದು ತುರುಕಿದ್ದವು. ನೀಲಿ ರಬ್ಬರ್. ಒಂದು ತುಂಡಿನಲ್ಲಿ ಹಿಮ್ಮಡಿ ಸವೆದ ಗುಳಿ ಇನ್ನೂ ಹಾಗೇ ಇತ್ತು.

ಗೋಡೆ ಹಿಡಿದು ಒಬ್ಬನೇ ಇಲ್ಲಿಯವರೆಗೆ ಹೇಗೆ ಬಂದ, ಒಂದೇ ಕೈಯಲ್ಲಿ ಚಪ್ಪಲಿಯನ್ನು ಹೇಗೆ ಹಿಡಿದ, ಹೇಗೆ ಕೊಯ್ದ? ತೊಡೆಯ ಕೆಳಗೆ ಒತ್ತಿಕೊಂಡನೋ, ಹಲ್ಲಿನಲ್ಲಿ ಕಚ್ಚಿಕೊಂಡನೋ?

ಹಾಗಾದರೆ ಅವನಿಗೆ ಗೊತ್ತಿತ್ತು. ಕೈ ಅಲ್ಲೇ ನಿಂತಿತಲ್ಲ, ಅವತ್ತೇ ಗೊತ್ತಿತ್ತು. ಅಂಗಡಿಯಲ್ಲಿ ಅವಳು ಆಡಿ ಬಂದ ಮಾತು ಯಾರೂ ಹೇಳದೆಯೇ ಅವನಿಗೆ ಮುಟ್ಟಿತ್ತು. ಸುಳ್ಳು ಹೇಳಿಯಾದರೂ ಅವನ ಆಸೆ ಉಳಿಸಿದೆನಲ್ಲ ಎಂದು ಅವಳು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದಳು. ಇಟ್ಟಿಗೆ ಮುಟ್ಟಿದ ಮೇಲೆ ಆ ಆಸೆ ಒಂದು ದಿನವೂ ಅವನ ಬಳಿ ಇರಲಿಲ್ಲ. ಒಮ್ಮೆ ಬೈದಿದ್ದರೆ, ಇದೇನೇ ಮೋಸ ಎಂದು ಕೂಗಾಡಿದ್ದರೆ, ಇಬ್ಬರೂ ಕೂತು ಅತ್ತುಬಿಡಬಹುದಿತ್ತು. ಅದರ ಬದಲು ಭಾನುವಾರಗಳೆಲ್ಲ ಅವಳು ಬಸ್ ಸ್ಟಾಪಿನಲ್ಲಿ, ಅವನು ಇಟ್ಟಿಗೆಯ ಪಕ್ಕದಲ್ಲಿ. ಈಗ ಹೇಳೋಣವೆಂದರೆ ಕೇಳುವವನಿಲ್ಲ.

"ಸ್ವಲ್ಪ ಬೇಗ ಆಗ್ಲಿ," ಎಂದ ವ್ಯಾನಿನ ಡ್ರೈವರು ಗೇಟಿನ ಮೇಲಿಂದ. "ನಾನು ಇನ್ನೊಂದು ಕಡೆ ಹೋಗ್ಬೇಕು."

ಮೈದುನನ ದನಿ ಈಗ ತಗ್ಗಿತ್ತು. "ತೆಗೆದುಬಿಡ್ಲಾ ಅತ್ತಿಗೆ?"

"ಬೇಡ."

ಅವಳೇ ಕವರು ಮುಚ್ಚಿ, ಅವನ ಕೈಯಿಂದ ನಾಣ್ಯ ತೆಗೆದುಕೊಂಡು ಸ್ಕ್ರೂ ತಿರುಗಿಸಿದಳು. ಉದ್ದಣ್ಣ ಹ್ಯಾಂಡಲ್ ಹಿಡಿದ, ಮೈದುನ ಹಿಂದಿನಿಂದ ತಳ್ಳಿದ. ಗಾಳಿ ಇಳಿದ ಟಯರುಗಳು ನೆಲಕ್ಕೆ ಅಂಟಿಕೊಂಡು ಹೊರಟವು. ಗೇಟಿನ ಬಳಿಯ ಮೆಟ್ಟಿಲಿಗೆ ಬಂದಾಗ ಗಾಡಿ ದಡಕ್ಕೆಂದು ಇಳಿಯಿತು. ಕನ್ನಡಿ, ನಂಬರ್ ಪ್ಲೇಟು, ಚೈನಿನ ಕವರು ಎಲ್ಲ ಗಡಗಡ ಎಂದವು.

ಪ್ಯಾಸೇಜಿನಲ್ಲಿ ಅವಳು ಕಿವಿಗೊಟ್ಟು ನಿಂತಿದ್ದಳು. ಸೈಡ್ ಕವರಿನ ಒಳಗಿಂದ ಏನೂ ಕೇಳಲಿಲ್ಲ.