ನಿಮಿಷಕ್ಕೆ ಹದಿನಾರು

ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ಒಂದು ಮೋಸವನ್ನು ಅಧಿಕೃತವಾಗಿ ಹೇಳಿಕೊಡುತ್ತಾರೆ. ರೋಗಿಯ ಉಸಿರು ಎಣಿಸುವಾಗ, ಉಸಿರು ಎಣಿಸುತ್ತಿದ್ದೇನೆ ಎಂದು ಬಾಯಿ ಬಿಡಬಾರದು. ಮಣಿಕಟ್ಟು ಹಿಡಿದು, ನಾಡಿ ನೋಡುವವರ ಹಾಗೆ ಮುಖ ಮಾಡಿಕೊಂಡು, ಓರೆಗಣ್ಣಿನಲ್ಲಿ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿಕೊಳ್ಳಬೇಕು. ಯಾರೂ ನೋಡದಿದ್ದಾಗ ಮಾತ್ರ ಉಸಿರು ನೆಟ್ಟಗೆ ನಡೆಯುತ್ತದೆ. ನೋಡುತ್ತಿದ್ದಾರೆಂದು ಗೊತ್ತಾಯಿತೋ, ಎಪ್ಪತ್ತು ವರ್ಷ ತಪ್ಪಿಲ್ಲದೆ ಉಸಿರಾಡಿದವರೂ ಈಗಷ್ಟೇ ಕೆಲಸಕ್ಕೆ ಸೇರಿದವರ ಹಾಗೆ ತಡವರಿಸುತ್ತಾರೆ.

ಇಡೀ ತರಗತಿಯಲ್ಲಿ ಈ ಮೋಸ ಮಾಡಲು ಬಾರದವಳು ಒಬ್ಬಳೇ ಒಬ್ಬಳು. ಅವಳನ್ನು ಎಲ್ಲರೂ ಡಂಗುರ ಎಂದು ಕರೆಯುತ್ತಿದ್ದರು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಅದರಲ್ಲಿ ಅವಳ ತಪ್ಪೇನೂ ಇಲ್ಲ, ಅದು ಮನೆತನದ ಬಳುವಳಿ. ಅಪ್ಪನಿಗೆ ಹಳೇ ಸೈಕಲ್ ಮಾರುವ ಅಂಗಡಿ. ಗಿರಾಕಿ ಒಳಗೆ ಕಾಲಿಡುವ ಮೊದಲೇ, "ಆ ಕೆಂಪು ಸೈಕಲ್ಲಿನ ಬ್ರೇಕ್ ಹಿಡಿಯಲ್ಲ, ಯೋಚನೆ ಮಾಡಿ ತಗೊಳ್ಳಿ" ಎನ್ನುತ್ತಿದ್ದರು. ಅಮ್ಮ ಬಂದ ನೆಂಟರನ್ನು, "ನೀವು ಬರ್ತೀರಿ ಅಂತ ಗೊತ್ತಿದ್ರೆ ಬೀಗ ಹಾಕ್ಕೊಂಡು ಹೋಗ್ತಿದ್ವಿ" ಎಂದು ಬಾಗಿಲಲ್ಲೇ ಸ್ವಾಗತಿಸುತ್ತಿದ್ದಳು. ಇಂಥ ಮನೆಯಿಂದ ಬಂದ ಹುಡುಗಿ ಓರೆಗಣ್ಣಿನಲ್ಲಿ ಹೇಗೆ ನೋಡಿಯಾಳು?

ಮನೆಯಲ್ಲಿ ಅಭ್ಯಾಸ ಮಾಡಲು ಅಜ್ಜಿಯನ್ನು ಕೂರಿಸಿಕೊಂಡಿದ್ದಳು. "ಅಜ್ಜಿ, ಈಗ ನಿನ್ನ ಉಸಿರು ಎಣಿಸ್ತೀನಿ" ಎಂದದ್ದೇ ತಡ, ಅಜ್ಜಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. "ನನ್ನ ಉಸಿರಿನ ಲೆಕ್ಕ ನಿಂಗ್ಯಾಕೇ? ಎಣಿಸಿದ್ರೆ ಕಮ್ಮಿ ಆಗುತ್ತೆ!" ಅಂದಿನಿಂದ ಮೊಮ್ಮಗಳು ಕೋಣೆಗೆ ಬಂದರೆ ಅಜ್ಜಿ ಹಿತ್ತಿಲಿಗೆ ಹೋಗಿ ಉಸಿರಾಡಿಕೊಂಡು ಬರುತ್ತಿದ್ದಳು.

ಕಾಲೇಜಿನ ನಿಯಮ ಹೀಗಿತ್ತು: ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಚಾರ್ಟು ಬರೆಯಬೇಕು, ಯಂತ್ರಗಳನ್ನು ನೆಚ್ಚಿಕೊಳ್ಳುವಂತಿಲ್ಲ, ಪರೀಕ್ಷಕರು ಮೊದಲೇ ಗುಟ್ಟಾಗಿ ಎಣಿಸಿದ ಉಸಿರಿಗೂ ವಿದ್ಯಾರ್ಥಿಯ ಲೆಕ್ಕಕ್ಕೂ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಫೇಲ್. ಮೂರು ಸಲ ಫೇಲಾದರೆ ಕೋರ್ಸಿನಿಂದಲೇ ಹೊರಗೆ.

ಡಂಗುರ ಎರಡು ಸಲ ಫೇಲಾಗಿದ್ದಳು. ಮೊದಲನೆಯ ಸಲ ಸಿಕ್ಕವನು ಗಂಡಸರ ವಾರ್ಡಿನ ಐದನೇ ಮಂಚದ ದರ್ಜಿ, ಬಹಳ ಮರ್ಯಾದಸ್ಥ. "ಏನು ನೋಡ್ತಿದೀಯಮ್ಮ?" ಎಂದು ಕೇಳಿದ. "ಉಸಿರು" ಎಂದಳು. ಹೆಣ್ಣುಮಗಳಿಗೆ ಸುಮ್ಮನೆ ಎಣಿಸುವ ತೊಂದರೆ ಯಾಕೆಂದು ಅವನು ಆದಷ್ಟು ಉಸಿರಾಡದೆ ಸಹಕರಿಸಿದ. ನಾಲ್ಕು ಬಂತು. ಪಾಠ ಹೇಳುವ ಮೇಡಂ ಚಾರ್ಟು ನೋಡಿ, "ನಾಲ್ಕು ಉಸಿರಿನವರನ್ನ ಹಿಂದಿನ ಹೆಣದ ಕೋಣೆಗೆ ಕಳಿಸ್ತಾರೆ ಕಣೇ, ಅಲ್ಲಿ ನರ್ಸ್ ಬೇಕಾಗಲ್ಲ" ಎಂದರು. ಎರಡನೆಯ ಸಲ ಸಿಕ್ಕವನು ಮೂರನೇ ಮಂಚದ ಗಡಿಯಾರ ರಿಪೇರಿಯವನು. ಇವನು ಉದಾರಿ. ಕಡಿಮೆಯಾದರೆ ಹುಡುಗಿಗೆ ಅಂಕ ಹೋದೀತೆಂದು ಧಾರಾಳವಾಗಿ ನಲವತ್ತನಾಲ್ಕು ಉಸಿರು ಕೊಟ್ಟು ತಲೆ ತಿರುಗಿ ಮಲಗಿದ.

ಮೂರನೆಯ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಬೇರೆಯವರಾಗಿದ್ದರೆ ಕಳವಳವನ್ನು ಹಾಸ್ಟೆಲಿನ ದಿಂಬಿಗೆ ಮಾತ್ರ ಹೇಳಿಕೊಳ್ಳುತ್ತಿದ್ದರು. ಇವಳು ಥರ್ಮಾಮೀಟರ್ ಹಿಡಿದುಕೊಂಡು ವಾರ್ಡಿನ ನಡುವೆ ನಿಂತು, "ಇನ್ನೊಂದು ಸಲ ಫೇಲಾದ್ರೆ ನಾನು ಮನೆಗೇ" ಎಂದು ಹನ್ನೆರಡು ಮಂಚಕ್ಕೂ ಕೇಳುವ ಹಾಗೆ ಅತ್ತಳು.

ಏಳನೇ ಮಂಚದಲ್ಲಿ ಡ್ರಿಲ್ ಮೇಷ್ಟ್ರು ಮಲಗಿದ್ದರು. ಮೂವತ್ತೆರಡು ವರ್ಷ ಶಾಲಾ ಮೈದಾನಗಳಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿದವರು, ನಿವೃತ್ತರಾದ ಮೇಲೆ ಸಾಲು ನಿಲ್ಲಿಸಲು ಯಾರೂ ಸಿಗದೆ ಸೊರಗಿದ್ದರು. ಮೆಟ್ಟಿಲು ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿ ಬಿದ್ದುಕೊಂಡಿದ್ದ ಅವರು, ಹುಡುಗಿಯ ಅಳು ಕೇಳಿ ಮೊಣಕೈ ಊರಿ ಎದ್ದು ಕೂತರು.

"ಅಳೋದು ನಿಲ್ಸು ಮಗು. ಆರೋಗ್ಯವಂತ ಮನುಷ್ಯ ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ಬೇಕು?"

"ಹನ್ನೆರಡರಿಂದ ಇಪ್ಪತ್ತು, ಮೇಷ್ಟ್ರೇ."

"ಹಾಗಾದ್ರೆ ಹದಿನಾರು. ಇಡೀ ವಾರ್ಡಿಗೆ ಹದಿನಾರು. ನೀನು ಹೇಳಿ ಎಣಿಸು, ಹೇಳದೆ ಎಣಿಸು, ಕೂಗಿ ಎಣಿಸು, ಬರೋದು ಹದಿನಾರೇ!"

"ಅದು ಮೋಸ ಅಲ್ವಾ?"

"ಮೋಸ ಎಲ್ಲಿಂದ ಬಂತು? ನೀನು ಎಣಿಸೋದೂ ನಿಜ, ನಾವು ಆಡೋದೂ ನಿಜ."

ಡಂಗುರ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆಯಿಂದ ತಾಲೀಮು ಶುರುವಾಯಿತು. ಗಡಿಯಾರ ರಿಪೇರಿಯವನು ಲೆಕ್ಕ ಹಾಕಿ, ಮೂರು ಮುಕ್ಕಾಲು ಸೆಕೆಂಡಿಗೆ ಒಂದು ಉಸಿರು ಎಂದು ಘೋಷಿಸಿ, ಬೆರಳೆತ್ತಿ ತಾಳ ಕೊಟ್ಟ. ಮೇಷ್ಟ್ರು "ಒಳಗೆ! ಹೊರಗೆ!" ಎಂದು ಗದರಿದರು. ಹನ್ನೆರಡು ಹೊದಿಕೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದವು. ಹೊಸದಾಗಿ ಸೇರಿದವರಿಗೆ ಸಂಜೆಯೊಳಗೆ ತರಬೇತಿ ಆಗುತ್ತಿತ್ತು. ಎರಡನೇ ಮಂಚದವನೊಬ್ಬ ಅಪ್ಪಿತಪ್ಪಿ ಆಕಳಿಸಿದಾಗ, "ಸಾಲು ಕೆಡಿಸ್ಬೇಡ್ರೀ!" ಎಂದು ಹನ್ನೊಂದು ಜನ ಅವನ ಮೇಲೆ ಹರಿಹಾಯ್ದರು. ಈ ನಡುವೆ ವಾಸಿಯಾಗಿ ಮನೆಗೆ ಹೋದ ದರ್ಜಿ ಮೂರನೇ ದಿನಕ್ಕೇ ವಾಪಸು ಬಂದ. "ಅಲ್ಲಿ ತಾಳ ಕೊಡೋರಿಲ್ಲ ಮೇಷ್ಟ್ರೇ, ಒಬ್ಬನೇ ಉಸಿರಾಡಕ್ಕೆ ಧೈರ್ಯ ಬರಲ್ಲ" ಎಂದು ಬಾಗಿಲಲ್ಲಿ ನಿಂತು ಒಂದು ಗಂಟೆ ಉಸಿರಾಡಿಕೊಂಡು ಹೋದ.

ದೊಡ್ಡ ಡಾಕ್ಟರು ಸುತ್ತು ಬಂದಾಗ ಹನ್ನೆರಡು ಚಾರ್ಟುಗಳಲ್ಲೂ ಹದಿನಾರು ಕಂಡು ಬೆರಗಾದರು. ಆಸ್ಪತ್ರೆಯ ಮುಖ್ಯಸ್ಥರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಳಿದ ವಾರ್ಡುಗಳೂ ತಿಂಗಳೊಳಗೆ ಹದಿನಾರಕ್ಕೆ ಬರತಕ್ಕದ್ದು ಎಂದು ಸುತ್ತೋಲೆ ಹೊರಡಿಸಿ, ಬಾಗಿಲಿಗೆ "ಮಾದರಿ ಉಸಿರಾಟದ ವಾರ್ಡು" ಎಂಬ ಬೋರ್ಡು ಹಾಕಿಸಿದರು. ಬೋರ್ಡು ಬಂದ ಮೇಲೆ ಅಲ್ಲಿ ಯಾರೂ ಉಸಿರು ಎಣಿಸುವ ಗೋಜಿಗೇ ಹೋಗಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದ ಸಿಸ್ಟರ್ ಮೊದಲು ಹನ್ನೆರಡು ಚಾರ್ಟಿಗೂ ಹದಿನಾರು ತುಂಬಿ ಆಮೇಲೆ ಚಪ್ಪಲಿ ಬದಲಾಯಿಸುತ್ತಿದ್ದರು. ಹುಚ್ಚುತನ ಬೋರ್ಡು ಹಾಕಿಕೊಂಡರೆ ಅದನ್ನು ಕೇಳುವವರು ಯಾರು?

ಪರೀಕ್ಷೆಯ ದಿನ ಬಂತು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕಿ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಚೀಟಿ ಎತ್ತಿಸಿದರು. ಡಂಗುರಳಿಗೆ ಏಳನೇ ಮಂಚ ಬಂತು. ಇಡೀ ವಾರ್ಡಿಗೆ ಹಿಗ್ಗೋ ಹಿಗ್ಗು. ಖುದ್ದು ಮೇಷ್ಟ್ರೇ ಸಿಕ್ಕ ಮೇಲೆ ಹುಡುಗಿ ಪಾಸಾದ ಹಾಗೇ ಎಂದು ಗಡಿಯಾರದವನು ಹೆಬ್ಬೆರಳು ಎತ್ತಿ ತೋರಿಸಿದ.

ಮೇಷ್ಟ್ರು ನೆಟ್ಟಗೆ ಕೂತಿದ್ದರು. ಎರಡೂ ಅಂಗೈ ಮೊಣಕಾಲ ಮೇಲೆ, ಗದ್ದ ಮುಂದಕ್ಕೆ. ಎದೆ ಏರಿತು, ಇಳಿಯಿತು, ಏರಿತು. ಮಂಚದ ಕಾಲ ಬಳಿ ನಿಂತ ಪರೀಕ್ಷಕಿ ತನ್ನ ಗಡಿಯಾರ ನೋಡಿಕೊಂಡು ಪುಸ್ತಕದಲ್ಲಿ ಏನೋ ಬರೆದರು. ಏನು ಬರೆದಿರಬಹುದೆಂದು ಆ ಕೋಣೆಯ ಗೋಡೆಗೂ ಗೊತ್ತಿತ್ತು.

"ಮೇಷ್ಟ್ರೇ, ಇವತ್ತು ಯಾವ ವಾರ?" ಡಂಗುರ ಕ್ರಮದ ಪ್ರಕಾರ ಶುರು ಮಾಡಿದಳು.

"ಗುರು..." ಎಂದರು ಮೇಷ್ಟ್ರು. ಒಂದು ಉಸಿರು ಒಳಗೆ ಹೋಗಿ ಹೊರಗೆ ಬಂತು. "...ವಾರ."

ಅವಳು ಅವರ ಹಣೆ ಮುಟ್ಟಿದಳು. ಸುಡುತ್ತಿತ್ತು. ನಾಡಿ ಹಿಡಿದಳು, ಅದು ನೂರಿಪ್ಪತ್ತರ ಮೇಲೆ ಓಡುತ್ತಿತ್ತು. ಉಗುರು ನೋಡಿದಳು, ಶಾಯಿ ತಾಕಿದ ಹಾಗೆ ನೀಲಿ. ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು, ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು, ಮೊಣಕಾಲ ಮೇಲಿನ ಕೈಗಳು ನಡುಗುತ್ತಿದ್ದವು. ಇಷ್ಟೆಲ್ಲದರ ನಡುವೆ ಎದೆ ಮಾತ್ರ ಮೂರು ಮುಕ್ಕಾಲು ಸೆಕೆಂಡಿಗೊಮ್ಮೆ ಶಿಸ್ತಾಗಿ ಏರಿ ಇಳಿಯುತ್ತಿತ್ತು. ನಿಮಿಷಕ್ಕೆ ಹದಿನಾರು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಡಂಗುರಳಿಗೆ ಅರ್ಥವಾಯಿತು: ಈ ಮನುಷ್ಯ ತನ್ನನ್ನು ಪಾಸು ಮಾಡಿಸಲು ಉಸಿರನ್ನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಾನೆ.

"ಮೇಷ್ಟ್ರೇ, ಸರಿಯಾಗಿ ಉಸಿರಾಡಿ. ಲೆಕ್ಕ ಬಿಟ್ಟುಬಿಡಿ."

"ಸರಿಯಾಗೇ... ಇದೆ. ಬರ್ಕೋ... ಹದಿನಾರು."

"ನಿಮಗೆ ಹುಷಾರಿಲ್ಲ ಮೇಷ್ಟ್ರೇ!"

"ನೀನು ಮನೆಗೆ... ಹೋಗಲ್ಲ. ಬರ್ಕೋ."

ಅವಳು ತಿರುಗಿ ಪರೀಕ್ಷಕಿಯ ಕಡೆ ನೋಡಿದಳು. "ಮೇಡಂ, ಇವರಿಗೆ ಉಸಿರು ಸಿಗ್ತಿಲ್ಲ."

"ಸಿಗ್ತಿಲ್ಲ ಅಂದ್ರೆ? ನಾನೇ ಎಣಿಸಿದೀನಲ್ಲ. ನಿನ್ನ ಲೆಕ್ಕ ಎಷ್ಟು, ಅದು ಹೇಳು."

ಹದಿನಾರು ಎಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ, ಹದಿನಾರೇ ಇತ್ತಲ್ಲ. ಅಪ್ಪನ ಅಂಗಡಿಯ ಮುಂದೆ ಬಿಳಿ ಸಮವಸ್ತ್ರದಲ್ಲಿ ನಿಲ್ಲಬಹುದು. ಇಲ್ಲದಿದ್ದರೆ ಸಂಜೆಯ ಬಸ್ಸಿಗೆ ಟ್ರಂಕು ಹಾಕಬೇಕು. ಹನ್ನೊಂದು ಮಂಚಗಳು ಕಣ್ಣು ಪಿಳಿಪಿಳಿ ಬಿಡುತ್ತ ತಾಳ ತಪ್ಪದೆ ಕಾಯುತ್ತಿದ್ದವು. ಮೇಷ್ಟ್ರ ತುಟಿ ಉಗುರಿನ ಬಣ್ಣಕ್ಕೆ ತಿರುಗುತ್ತಿತ್ತು.

ಡಂಗುರ ಚಾರ್ಟು ಮುಚ್ಚಿದಳು. ಮೇಷ್ಟ್ರ ಪಕ್ಕದಲ್ಲಿ ಮಂಚದ ಮೇಲೇ ಕೂತಳು. ಮುಖದ ತುಂಬ ನಗು ತಂದುಕೊಂಡಳು.

"ಬರೆದೆ ಮೇಷ್ಟ್ರೇ, ಹದಿನಾರು. ಮೇಡಂ ಸಹಿ ಹಾಕಿದ್ರು. ನಾನು ಪಾಸು. ಪರೀಕ್ಷೆ ಮುಗೀತು."

ಪರೀಕ್ಷಕಿ ಬಾಯಿ ತೆರೆದರು. ಪಕ್ಕದಲ್ಲೇ ನಿಂತಿದ್ದ ಪಾಠದ ಮೇಡಂ ಪರೀಕ್ಷಕಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

"ನಿಜ?" ಎಂದರು ಮೇಷ್ಟ್ರು.

"ನಿಜ."

"ಭೇಷ್."

ಅಷ್ಟೇ. ಮೇಷ್ಟ್ರು ಲೆಕ್ಕ ಕೈಬಿಟ್ಟರು. ಕಟ್ಟೆ ಒಡೆದ ಹಾಗೆ ಎದೆ ಹಾರತೊಡಗಿತು. ಅವರು ದಿಂಬಿಗೆ ಒರಗಿದರು. ಅವಳು ಅವರ ಮಣಿಕಟ್ಟು ಬಿಡದೆ ಹಿಡಿದುಕೊಂಡಿದ್ದಳು.

"ಮತ್ತೇನು... ಎಣಿಸ್ತಿದೀಯಾ?"

"ಏನಿಲ್ಲ ಮೇಷ್ಟ್ರೇ, ನಾಡಿ" ಎಂದಳು ಡಂಗುರ. ಕಣ್ಣ ತುದಿಯಲ್ಲಿ ಎದೆ ನೋಡುತ್ತ ಅರ್ಧ ನಿಮಿಷ ಎಣಿಸಿದಳು. ಹತ್ತೊಂಬತ್ತು. ಪೂರ್ತಿ ನಿಮಿಷ ಕಾಯುವಷ್ಟು ಪುರುಸೊತ್ತಿರಲಿಲ್ಲ. "ಮೂವತ್ತೆಂಟು! ಸಿಸ್ಟರ್, ಆಕ್ಸಿಜನ್ ತನ್ನಿ!" ಎಂದು ಅವಳು ಕೂಗಿದ್ದು ಬೋರ್ಡು ದಾಟಿ, ಮೆಟ್ಟಿಲಿಳಿದು, ದೊಡ್ಡ ಡಾಕ್ಟರ ಕಿವಿಗೂ ಬಿತ್ತು. ಡಂಗುರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಮೂರು ವಾರ ಮಲಗಿದಲ್ಲೇ ಮಲಗಿ ಮೇಷ್ಟ್ರ ಶ್ವಾಸಕೋಶಕ್ಕೆ ಸೋಂಕು ಹತ್ತಿತ್ತು. ಇನ್ನೊಂದು ತಾಸು ಹೀಗೇ ಶಿಸ್ತಿನಲ್ಲಿದ್ದಿದ್ದರೆ ಹದಿನಾರರಿಂದ ನೇರ ಸೊನ್ನೆಗೆ ಹೋಗುತ್ತಿದ್ದರು ಎಂದು ಡಾಕ್ಟರು ಸಿಡುಕಿ, ಮಾಸ್ಕು ಹಾಕಿಸಿ, ಅವರನ್ನು ಮೇಲಿನ ಮಹಡಿಗೆ ಸಾಗಿಸಿದರು.

ಗಲಾಟೆ ಇಳಿದ ಮೇಲೆ ಪರೀಕ್ಷಕಿ ನಿಯಮದ ಪುಸ್ತಕ ತೆಗೆದರು. "ನಂದು ಹದಿನಾರು, ಇವಳದು ಮೂವತ್ತೆಂಟು. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಫೇಲ್ ಅಂತ ಇದೆ." ಪುಟವನ್ನು ಎರಡು ಸಲ ತಿರುವಿದರು. "ಯಾರು ಫೇಲ್ ಅಂತ ಬರೆದಿಲ್ಲ." ಹಾಗೆಂದು ಪೆನ್ನು ತೆಗೆದು, ಫೇಲಾದವರ ಕಾಲಮ್ಮಿನಲ್ಲಿ ತಮ್ಮ ಹೆಸರನ್ನೇ ದುಂಡಗೆ ಬರೆದು, ಡಂಗುರಳನ್ನು ಪಾಸು ಮಾಡಿ ಸಹಿ ಹಾಕಿದರು. ಕಾಲೇಜಿನವರು ತಲೆ ಕೆರೆದುಕೊಂಡರೂ ನಿಯಮದಲ್ಲಿ ದೋಷ ಸಿಗಲಿಲ್ಲ. ಮುಂದಿನ ತಿಂಗಳು ಆಕೆ ಮರುಪರೀಕ್ಷೆಗೆ ಹಾಜರಾಗಿ ಒಳ್ಳೇ ಅಂಕದಲ್ಲಿ ಪಾಸಾದರು.

ಒಂಬತ್ತನೇ ದಿನ ಮೇಷ್ಟ್ರು ವಾರ್ಡಿಗೆ ಮರಳಿದರು. ಬಾಗಿಲ ಬೋರ್ಡು ಹೋಗಿತ್ತು. ಹನ್ನೊಂದು ಜನ ಹನ್ನೊಂದು ಬಗೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಡಂಗುರ ಚಾರ್ಟು ಹಿಡಿದು ಬಂದು ಮೇಷ್ಟ್ರ ಪಕ್ಕ ನಿಂತಳು.

"ಅವತ್ತು ನಾನು ನಂಬಿದ್ದು ಯಾಕೆ ಗೊತ್ತಾ?" ಎಂದರು ಮೇಷ್ಟ್ರು, ಸ್ವರ ಇನ್ನೂ ತೆಳ್ಳಗಿತ್ತು. "ಬೇರೆ ಯಾರು ಮುಗೀತು ಅಂದಿದ್ರೂ ನಾನು ಬಿಡ್ತಿರ್ಲಿಲ್ಲ. ನೀನು ಹೇಳಿದೆ ಅಂತ ಬಿಟ್ಟೆ. ಹುಟ್ಟಿದಾಗಿಂದ ಒಂದೂ ಸುಳ್ಳು ಹೇಳದ ಹುಡುಗಿ."

ಅವಳಿಗೆ ಹೆಮ್ಮೆಯೂ ಆಯಿತು, ಏನನ್ನೋ ಕಳೆದುಕೊಂಡ ಹಾಗೆ ದುಃಖವೂ ಆಯಿತು. ಇನ್ನು ಮೇಲೆ ಈ ವಾರ್ಡಿನಲ್ಲಿ ಅವಳ ಮಾತನ್ನು ಹಾಗೆ ನಂಬುವವರು ಯಾರೂ ಇರಲಿಲ್ಲ. ಅವರ ಕೈ ತೆಗೆದುಕೊಂಡು ಮಣಿಕಟ್ಟಿನ ಮೇಲೆ ಬೆರಳಿಟ್ಟಳು.

"ಏನು ನೋಡ್ತಿದೀಯಾ?"

"ನಾಡಿ ಮೇಷ್ಟ್ರೇ."

ಮೇಷ್ಟ್ರು ಅವಳ ಮುಖವನ್ನೊಮ್ಮೆ ದಿಟ್ಟಿಸಿದರು.

"ಸುಳ್ಳಿ" ಎಂದು ಅಕ್ಕರೆಯಿಂದ ಬೈದು, ಕಣ್ಣು ಮುಚ್ಚಿ, ಬಂದ ಹಾಗೆ ಉಸಿರಾಡಿದರು. ಅವಳು ಇಪ್ಪತ್ತೆರಡು ಎಂದು ಬರೆದುಕೊಂಡಳು.