ಕೆಳಗದ್ದೆಯ ಭತ್ತ

"ಏ ಮೈಲಿ, ಬೋಸುಡಿ, ಸುಣ್ಣನ ಗದ್ದೆಗೆ ಎರಚ್ತೀಯೋ, ನಿಮ್ಮಪ್ಪನ ಗೋರಿಗೆ ಎರಚ್ತೀಯೋ? ಒಂದೇ ಸಮ ಬೀಳ್ಲಿ."

ಬದುವಿನ ಮೇಲೆ ಕೊಡೆ ಹಿಡಿದು ನಿಂತ ತೋಟಪ್ಪಗೌಡ ಕೂಗಿದ. ಕೂಲಿಯ ಮೈಲಮ್ಮ ತುಟಿ ಬಿಗಿದುಕೊಂಡು ಎರಚಿದಳು. ಬಾಯಿ ತೆರೆದರೆ ಸುಣ್ಣ ಒಳಗೆ ಹೋಗುತ್ತಿತ್ತು.

ಗುತ್ತೂರಿನ ಬಳಿ ಗೌಡನಿಗೆ ಎರಡು ಗದ್ದೆ. ಮೇಲಿನದಕ್ಕೆ ಭದ್ರಾ ಚಾನೆಲ್ಲಿನ ನೀರು, ಕೆಳಗಿನದಕ್ಕೆ ಹಳ್ಳದ ನೀರು. ಕಬ್ಬಿಣದ ಸಾಮಾನಿಗೆ ಹೊಳಪು ಕೊಡುವ ಕಾರ್ಖಾನೆ ಬಂದ ಮೇಲೆ ಹಳ್ಳ ಒಂದು ದಿನ ಹಸಿರಾಗಿ, ಒಂದು ದಿನ ಹಳದಿಯಾಗಿ ಹರಿಯತೊಡಗಿತು. ನಾಟಿ ಹಚ್ಚಿದ ಹೆಂಗಸರ ಕಾಲಿನ ಚರ್ಮ ಸುಲಿದಾಗ ಯಾರೂ ಬರಲಿಲ್ಲ. ಪೈರು ಸುಟ್ಟಂತಾದಾಗ ದಾವಣಗೆರೆಯಿಂದ ಜೀಪಿನಲ್ಲಿ ಗೊಬ್ಬರ ಕಂಪನಿಯ ಸಾಹೇಬ ಬಂದ.

ಸಾಹೇಬ ರಬ್ಬರ್ ಗವಸು ಹಾಕಿಕೊಂಡು ಮಣ್ಣು ಮುಟ್ಟಿದ. ಮಣ್ಣಿಗೆ ಲೋಹದ ವಿಷ ಏರಿದೆ. ಸುಣ್ಣ, ಸತು, ಕಾಂಪೋಸ್ಟ್ ಕೊಟ್ಟರೆ ಬೇರು ವಿಷವನ್ನು ಕಡಿಮೆ ಹೀರುತ್ತದೆ, ಬೆಳೆ ತಡೆದುಕೊಳ್ಳುತ್ತದೆ ಎಂದ. ಗೌಡ ಎಲ್ಲವನ್ನೂ ತರಿಸಿದ. ಮೈಲಮ್ಮ ಬರಿಗೈಯಲ್ಲಿ ಎರಚಿದಳು.

ಸಾಹೇಬ ಸುಳ್ಳು ಹೇಳಿರಲಿಲ್ಲ. ಪೈರು ಎದ್ದು ನಿಂತಿತು. ತೆನೆ ಬಂದಾಗ ಅವನು ಫೋಟೊ ತೆಗೆಯಲು ಮತ್ತೆ ಬಂದ. ಕಳೆ ಕೀಳುತ್ತಿದ್ದ ಮೈಲಮ್ಮ ಸೊಂಟ ನೆಟ್ಟಗೆ ಮಾಡಿ ಕೇಳಿದಳು:

"ಬೆಳೆ ತಡಕಂತು. ಉಣ್ಣೋರು ಹೆಂಗೆ ತಡಕಬೇಕ್ರಿ, ಸಾಹೇಬ್ರೆ?"

ಸಾಹೇಬ ಗೌಡನ ಮುಖ ನೋಡಿದ. ಕಾಳಿಗೂ ಸ್ವಲ್ಪ ಇಳಿದಿರಬಹುದು, ಪರೀಕ್ಷೆ ಮಾಡಿಸುವುದು ಒಳ್ಳೆಯದು ಎಂದ. ಗೌಡ ಆಗಲಿ ಎಂದು ತಲೆಯಾಡಿಸಿ ಎಳನೀರು ಕೆತ್ತಿಸಿದ. ಪರೀಕ್ಷೆಯ ಮಾತು ಅಲ್ಲಿಗೆ ಮುಗಿಯಿತು.

ಸುಗ್ಗಿಗೆ ಕಣದಲ್ಲಿ ಎರಡು ರಾಶಿ ಬಿದ್ದವು. ಗೌಡನ ಹೆಂಡತಿ ನಿರ್ಮಲಮ್ಮ ಮೇಲ್ಗದ್ದೆಯ ರಾಶಿಗೆ ಮಾತ್ರ ವಿಭೂತಿ ಹಚ್ಚಿ ಕಾಯಿ ಒಡೆದಳು. ಅದು ಮನೆಗೆ ಎಂದ ಗೌಡ; ಕೂಲಿಗೆ ಕೆಳಗದ್ದೆಯದನ್ನು ಅಳೆಯಲು ಹೇಳಿದ. ಹಿಂದೆಲ್ಲ ಎರಡೂ ಗದ್ದೆಯ ಭತ್ತವನ್ನು ಒಂದೇ ರಾಶಿ ಮಾಡಿ ಅಳೆಯುತ್ತಿದ್ದರು. ಈ ಸಲ ಯಾಕೆ ಹೀಗೆ ಎಂದು ಮೈಲಮ್ಮ ಕೇಳಿದಳು.

"ಸತ್ತ ದನ ಅರಗಿಸ್ಕಂಡ ಹೊಟ್ಟೆ ನಿಮ್ದು," ಎಂದ ಗೌಡ. "ಇದೂ ಅರಗ್ತತೆ, ತಗಂಡ್ ನಡೀರಿ."

ಕೂಲಿಯವರು ಚೀಲ ಹಿಡಿದು ಸಾಲಾಗಿ ನಿಂತರು. ಮುಂದಿದ್ದ ಗೋಣೆಪ್ಪ ಚೀಲದ ಬಾಯಿ ಬಿಚ್ಚಿದ. ಮೈಲಮ್ಮ ಚೀಲ ಕೆಳಗಿಟ್ಟಳು. ರಾಶಿ ಎಳೆಯುವ ಹಲಗೆ ತೆಗೆದುಕೊಂಡು ಕೆಳಗದ್ದೆಯ ಭತ್ತವನ್ನು ಮೇಲ್ಗದ್ದೆಯ ರಾಶಿಗೆ ಎಳೆಯತೊಡಗಿದಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಮುಟ್ಟಬೇಡ ಎಂದು ನಿರ್ಮಲಮ್ಮ ಕಿರುಚಿದ ಮೇಲೆ ಗೌಡನಿಗೆ ಹೊಳೆಯಿತು. ಬಾರುಕೋಲು ಎತ್ತಿ ಬೆನ್ನಿಗೆ ಬಾರಿಸಿದ. ಅವಳು ಎಳೆಯುತ್ತಲೇ ಇದ್ದಳು. ಇನ್ನೊಮ್ಮೆ ಬಾರಿಸಿದಾಗ ಹಲಗೆ ಕೈ ಜಾರಿ ಅವಳು ಬಿದ್ದಳು. ಗೋಣೆಪ್ಪ ಚೀಲ ಬಿಸಾಕಿ ಬಂದು ಹಲಗೆ ಹಿಡಿದ. ಸಾಲಿನಲ್ಲಿದ್ದ ಹೆಂಗಸರು ರಾಶಿಗೆ ಇಳಿದು ಕಾಲಿನಿಂದಲೇ ಭತ್ತ ಕಲಸಿದರು. ಬಾರುಕೋಲು ಯಾರ ಮೇಲೆ ಬೀಸಬೇಕೆಂದು ಗೌಡನಿಗೆ ತಿಳಿಯಲಿಲ್ಲ.

ಮೈಲಮ್ಮ ಎದ್ದು ರಕ್ತ ಹತ್ತಿದ ಕುಪ್ಪಸ ಸರಿ ಮಾಡಿಕೊಂಡಳು.

"ಈಗ ಅಳೀರಿ, ಗೌಡ್ರೆ," ಎಂದಳು.

ತೋಟಪ್ಪ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಭತ್ತ ತೆಗೆದು ಬಿಸಿಲಿಗೆ ಹಿಡಿದ. ಎಲ್ಲ ಕಾಳೂ ದುಂಡಗೆ, ಒಂದೇ ಬಣ್ಣದಲ್ಲಿದ್ದವು.