ಬೀರುವಿನ ಮೇಲಿದ್ದ ಐದು ಪುಸ್ತಕ

ಬೇಸಿಗೆ ರಜೆ ಬಂತೆಂದರೆ ಎಲ್ಲರ ಮನೆಯದೂ ಒಂದೇ ಗೋಳು. ಮಕ್ಕಳನ್ನು ಬಿಸಿಲಿಗೆ ಬಿಡುವ ಹಾಗಿಲ್ಲ, ಒಳಗೆ ಕೂರಿಸಿದರೆ ಅರ್ಧ ಗಂಟೆಗೊಂದು ಜಗಳ. ಹೋದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳಬೇಕು, ಯಾಕೆಂದರೆ ತಪ್ಪು ಮಾಡಿದವನು ನಾನೇ.

ನಾನು ಪುಸ್ತಕ ಬೈಂಡಿಂಗ್ ಮಾಡುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಹಾಳೆ ಜೋಡಿಸುವುದು, ಸೂಜಿ ದಾರದಲ್ಲಿ ಹೊಲಿಯುವುದು, ಗೋಂದು ಹಚ್ಚಿ ರಟ್ಟು ಕೂರಿಸುವುದು, ಮೇಲೆ ಭಾರ ಹೇರಿ ಒಣಗಿಸುವುದು. ಹರಿದ ಪುಸ್ತಕ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮೂಲೆ ಮಡಿಚಿದವರನ್ನು, ಎಂಜಲು ಬೆರಳಲ್ಲಿ ಹಾಳೆ ತಿರುವಿದವರನ್ನು ಕೂತಲ್ಲಿಂದಲೇ ಬೈಯುತ್ತಿರುತ್ತೇನೆ. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರು ನನಗೆ ಪುಸ್ತಕದ ಡಾಕ್ಟರ್ ಅಂತ ಹೆಸರಿಟ್ಟಿದ್ದಾರೆ.

ನನ್ನ ದೊಡ್ಡ ಮಗಳಿಗೆ ಆರು ವರ್ಷ. ಒಂದು ಕಡೆ ನಿಲ್ಲುವವಳಲ್ಲ, ಅದಕ್ಕೇ ಮನೆಯಲ್ಲೆಲ್ಲ ಅವಳನ್ನು ಗಿರಗಿಟ್ಲೆ ಅಂತ ಕರೆಯುತ್ತೇವೆ. ಒಂದನೇ ಕ್ಲಾಸಿನ ಕೊನೆಯ ದಿನ ಅವಳು ಒಂದು ಬಟ್ಟೆ ಚೀಲ ಹಿಡಿದುಕೊಂಡು ಓಡಿ ಬಂದಳು. ಶಾಲೆಯವರು ಲೈಬ್ರರಿಯಿಂದ ತರಿಸಿ, ರಜೆಯಲ್ಲಿ ಓದಲಿ ಅಂತ ಪ್ರತಿ ಮಗುವಿಗೂ ಐದೈದು ಪುಸ್ತಕ ಕೊಟ್ಟಿದ್ದರು. ಸ್ನಾನ ಅಂದರೆ ಓಡಿಹೋಗುವ ಮೇಕೆಯದೊಂದು, ನಿದ್ದೆ ಬಾರದ ಆನೆಮರಿಯದೊಂದು, ಹೀಗೆ. ದೊಡ್ಡ ದೊಡ್ಡ ಅಕ್ಷರ, ಪುಟಕ್ಕೆ ಒಂದೇ ಸಾಲು.

ನಾನು ಮೊದಲು ನೋಡಿದ್ದು ಚಿತ್ರವನ್ನಲ್ಲ, ಬೆನ್ನನ್ನು. ಒಂದೊಂದಕ್ಕೂ ಎರಡೇ ಪಿನ್ನು. ಇದು ಗಿರಗಿಟ್ಲೆ ಕೈಯಲ್ಲಿ ಎರಡು ದಿನ ಬಾಳುವುದಿಲ್ಲ ಅಂದುಕೊಂಡೆ. ಐದಕ್ಕೂ ರಟ್ಟಿನ ಬಣ್ಣದ ಕಾಗದ ಹೊದಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀರುವಿನ ಮೇಲೆ ಇಟ್ಟುಬಿಟ್ಟೆ.

ಮಗಳು ದಿನಾ ಕೇಳಿದಳು. ಕೈ ಕೊಳೆ ಅಂದೆ. ತೊಳೆದುಕೊಂಡು ಬಂದು ಎರಡೂ ಕೈ ಮುಂದೆ ಚಾಚಿದಳು. ಒದ್ದೆ ಕೈಯಲ್ಲಿ ಪುಸ್ತಕ ಮುಟ್ಟುತ್ತಾರಾ ಅಂದೆ. ಫ್ರಾಕಿಗೆ ಒರೆಸಿಕೊಂಡು ಮತ್ತೆ ಚಾಚಿದಳು. ನಾಳೆ ನೋಡೋಣ ಅಂದೆ. ಹೆಂಡತಿ ಒಂದು ದಿನ, "ಓದೋಕೆ ಅಂತ ಕೊಟ್ಟಿದಾರೆ, ಕಾವಲು ಕಾಯೋಕಲ್ಲ" ಅಂದಳು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹತ್ತು ದಿನವಾದ ಮೇಲೆ ಮಗಳು ಕೇಳುವುದನ್ನು ಬಿಟ್ಟಳು. ಪರವಾಗಿಲ್ಲ, ಬುದ್ಧಿ ಬಂತು ಅಂತ ನಾನು ಖುಷಿಪಟ್ಟೆ. ಎಂಥ ಮನುಷ್ಯ ನೋಡಿ.

ರಜೆ ಅರ್ಧ ಕಳೆದ ಮೇಲೆ ಲೈಬ್ರರಿ ಅಕ್ಕ ನಮ್ಮ ಅಂಗಡಿಗೆ ಬಂದರು. ಲೈಬ್ರರಿಯಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವವರು. ತಿಂಗಳಿಗೊಮ್ಮೆ ಹರಿದ ಪುಸ್ತಕಗಳನ್ನು ರಿಪೇರಿಗೆ ತರುತ್ತಾರೆ. ಆವತ್ತಿನ ಗಂಟಿನಲ್ಲಿ ಒಂದು ಪುಸ್ತಕ ನೋಡುವ ಹಾಗಿರಲಿಲ್ಲ. ರಟ್ಟಿಲ್ಲ, ಮೂಲೆಗಳೆಲ್ಲ ಬೆಕ್ಕಿನ ಕಿವಿಯ ಹಾಗೆ ಮಡಿಚಿವೆ, ಒಂದು ಪುಟದಲ್ಲಿ ಹಲ್ಲಿನ ಗುರುತು. ನಾನು ಶುರು ಹಚ್ಚಿಕೊಂಡೆ, ಈಗಿನ ಕಾಲದ ಅಪ್ಪ ಅಮ್ಮಂದಿರು ಮಕ್ಕಳಿಗೆ ಏನು ಕಲಿಸುತ್ತಾರೆ ಅಂತ.

ಅಕ್ಕ ನಕ್ಕುಬಿಟ್ಟರು. ಇದು ನಾಲ್ಕನೇ ಸಲ ನಿಮ್ಮ ಕೈಗೆ ಬರುತ್ತಿರುವುದು, ಮಕ್ಕಳು ಇದಕ್ಕೆ ಸರದಿ ನಿಲ್ಲುತ್ತಾರೆ, ಹರಿಯದೆ ಚೆನ್ನಾಗಿರುವ ಪುಸ್ತಕಗಳೆಲ್ಲ ಯಾರೂ ಮುಟ್ಟದೆ ಇರುವಂಥವು ಅಂದರು.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರದೆ ಜಂಬ ಕೊಚ್ಚಿಕೊಂಡೆ. ನಮ್ಮನೆಗೆ ಐದು ಪುಸ್ತಕ ಬಂದು ಒಂದು ತಿಂಗಳಾಯಿತು, ಒಂದು ಗೆರೆ ಬಿದ್ದಿಲ್ಲ, ಹೇಗೆ ಕೊಟ್ಟರೋ ಹಾಗೇ ವಾಪಸ್ ಕೊಡುತ್ತೇನೆ ಅಂದೆ.

ಅಕ್ಕ ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ನಿಮ್ಮ ಮಗಳು ಈಗ್ತಾನೆ ಅಕ್ಷರ ಕೂಡಿಸೋಕೆ ಕಲ್ತಿರ್ತಾಳೆ ಅಲ್ವಾ?" ಅಂದರು. "ಸೈಕಲ್ ಕಲಿಯೋ ಮಗು ಥರ ಅದು. ಈಗ ತುಳೀತಾ ಇರಬೇಕು. ಎರಡು ತಿಂಗಳು ಬಿಟ್ರೆ ಎಷ್ಟೋ ಮಕ್ಕಳಿಗೆ ಕಲಿತಿದ್ದು ಜಾರಿಹೋಗುತ್ತೆ. ಶಾಲೆ ಶುರುವಾದಾಗ ಪಕ್ಕದವಳು ಓದ್ತಾಳೆ, ಇವಳಿಗೆ ಆಗಲ್ಲ. ಆಮೇಲೆ ಓದೋದು ನನ್ನ ಕೈಲಿ ಆಗೋ ಕೆಲಸ ಅಲ್ಲ ಅಂತ ಮಗು ಒಳಗೊಳಗೇ ತೀರ್ಮಾನ ಮಾಡಿಬಿಡುತ್ತೆ."

"ಹರಿದ್ರೆ?" ಅಂದೆ.

"ಹರಿದ್ರೆ ನಿಮ್ಮ ಹತ್ರ ತರ್ತೀವಿ. ನೀವಿರೋದು ಮತ್ಯಾಕೆ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದೆ, ಮೂರು ಸಲ ತಪ್ಪಿತು.

ಸಂಜೆ ಮನೆಗೆ ಹೋದಾಗ ಮಕ್ಕಳಿಬ್ಬರೂ ಬಾಗಿಲ ಹತ್ತಿರ ಆಡುತ್ತಿದ್ದರು. ಅಂಗಡಿಯಲ್ಲಿ ಅಂಚು ಕತ್ತರಿಸಿ ಉಳಿದ ಕಾಗದದ ಚೂರುಗಳನ್ನು ನಾನು ಆಡಲಿ ಅಂತ ತಂದುಕೊಡುವುದುಂಟು. ದೊಡ್ಡವಳು ಅವನ್ನೆಲ್ಲ ಜೋಡಿಸಿ, ದಾರ ಕಟ್ಟಿ, ಹಳೇ ಪೇಪರು ಹೊದಿಸಿ ಪುಸ್ತಕ ಮಾಡಿದ್ದಳು. ಅಂಥ ನಾಲ್ಕೈದು ಸಾಲಾಗಿ ಇಟ್ಟಿದ್ದಳು. ಮೂರು ವರ್ಷದ ಚಿಕ್ಕವಳು ಒಂದನ್ನು ಬಿಚ್ಚಲು ಹೋದಳು. ದೊಡ್ಡವಳು ಅವಳ ಕೈಗೆ ಪಟ್ಟಂತ ಹೊಡೆದಳು.

"ತೆಗೀಬಾರ್ದು. ಹಾಳಾಗುತ್ತೆ. ಪುಸ್ತಕ ಅಂದ್ರೆ ಹೊರಗಿಂದ ನೋಡ್ಬೇಕು ಅಷ್ಟೆ."

ನನ್ನದೇ ದನಿ, ನನ್ನದೇ ಗತ್ತು. ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟೆ. ಮಗಳಿಗೆ ನಾನು ಕಲಿಸಿದ ಪಾಠ ಇಷ್ಟು.

ಒಳಗೆ ಹೋಗಿ ಬೀರುವಿನ ಮೇಲಿಂದ ಪುಸ್ತಕ ಇಳಿಸಿ ಚಾಪೆಯ ಮೇಲೆ ಹರಡಿದೆ. ಗಿರಗಿಟ್ಲೆ ಓಡಿ ಬರುತ್ತಾಳೆ ಅಂದುಕೊಂಡಿದ್ದೆ. ಬರಲಿಲ್ಲ. ತನ್ನ ಕೈ ನೋಡಿಕೊಂಡು ಸೀದಾ ಬಚ್ಚಲಿಗೆ ಹೋದಳು. ತೊಳೆದುಕೊಂಡು ಬಂದು, ಪುಸ್ತಕದಿಂದ ಒಂದು ಮೊಳ ದೂರದಲ್ಲಿ ಕೂತಳು. ಮುಟ್ಟು ಅಂತ ನಾನು ಎರಡು ಸಲ ಹೇಳಬೇಕಾಯಿತು.

ಮೇಕೆಯ ಪುಸ್ತಕ ತೆಗೆದು ಬೆರಳಿಟ್ಟು ಶುರು ಮಾಡಿದಳು. ಎರಡನೇ ಪದಕ್ಕೇ ನಿಂತಳು. ಪರೀಕ್ಷೆಯ ದಿನಗಳಲ್ಲಿ ಇದೇ ಹುಡುಗಿ ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಕೂಗಿ ಕೂಗಿ ಓದುತ್ತಿದ್ದಳು, ಬಾಯಿ ಮುಚ್ಚೇ ಅಂತ ನಾವು ಗದರುತ್ತಿದ್ದೆವು. ಈಗ ಅದೇ ಅಕ್ಷರವನ್ನು ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ.

"ನಂಗೆ ಮರ್ತೋಯ್ತು. ನೀನು ಓದಪ್ಪ" ಅಂದಳು.

ತಲೆನೋವು ಅಂತ ಹೇಳಿ ಎದ್ದುಹೋದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಸುಳ್ಳಿದೆ. ಪುಸ್ತಕ ಹರಿದೀತು ಅಂತ ಮೇಲಿಟ್ಟೆ ಅಂದೆನಲ್ಲ, ಅದು ನೆಪ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧಂಬರ್ಧ. ಪುಟದ ನಂಬರ್ ನೋಡಿ ಹಾಳೆ ಜೋಡಿಸುತ್ತೇನೆ. ದೊಡ್ಡ ಅಕ್ಷರದ ಹೆಡ್ಡಿಂಗ್ ಹೇಗೋ ಓದುತ್ತೇನೆ. ಒಂದು ಸಾಲು ಗಟ್ಟಿಯಾಗಿ ಓದು ಅಂದರೆ ನಾಲಿಗೆ ಹೊರಳುವುದಿಲ್ಲ, ಬೆನ್ನಲ್ಲಿ ಬೆವರಿಳಿಯುತ್ತದೆ. ದಿನವಿಡೀ ಪುಸ್ತಕದ ಮಧ್ಯೆ ಕೂರುವವನಿಗೆ ಪುಸ್ತಕ ಓದಲು ಬರುವುದಿಲ್ಲ ಅಂತ ಮಗಳಿಗೆ ಗೊತ್ತಾಗಬಾರದಿತ್ತು. ಅವಳು "ಓದಪ್ಪ" ಅನ್ನುವ ದಿನ ಬಾರದಿರಲಿ ಅಂತಲೇ ಐದೂ ಪುಸ್ತಕ ಬೀರು ಹತ್ತಿದ್ದು.

ಮರುದಿನ ಊಟದ ಬಿಡುವಿನಲ್ಲಿ ಲೈಬ್ರರಿಗೆ ಹೋದೆ. ಅಕ್ಕ ಒಬ್ಬರೇ ಕಪಾಟು ಒರೆಸುತ್ತಿದ್ದರು. ರಿಪೇರಿಯ ಪುಸ್ತಕ ಯಾವತ್ತು ಬೇಕು ಅಂತ ಏನೇನೋ ಕೇಳಿ, ಕೊನೆಗೆ ಹೇಳಿದೆ.

"ನಂಗೆ ಸರಿಯಾಗಿ ಓದೋಕೆ ಬರಲ್ಲ ಅಕ್ಕ."

ಹುಟ್ಟಿದ ಮೇಲೆ ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಅಕ್ಕ ಮಕ್ಕಳು ಕೂರುವ ಪುಟ್ಟ ಸ್ಟೂಲೊಂದನ್ನು ನನ್ನ ಕಡೆ ಸರಿಸಿದರು. ತಾವೂ ಒಂದರ ಮೇಲೆ ಕೂತರು.

ಅವರು ಹೇಳಿದ್ದು ಕಷ್ಟದ್ದೇನಲ್ಲ. ದಿನಕ್ಕೆ ಕಾಲು ಗಂಟೆ ಸಾಕಂತೆ. ಯಾವ ಪುಸ್ತಕ ಅಂತ ಮಗುವೇ ಆರಿಸಲಿ, ನಿನ್ನೆ ಓದಿದ್ದನ್ನೇ ಇವತ್ತೂ ಕೇಳಿದರೆ ಅದನ್ನೇ ಕೊಡಿ, ಬೇಡ ಅನ್ನಬೇಡಿ. ಮೊದಲು ಚಿತ್ರ ನೋಡಿ ಇಬ್ಬರೂ ಮಾತಾಡಿ, ಈ ಮೇಕೆ ಎಲ್ಲಿಗೆ ಓಡ್ತಿದೆ, ಮುಂದೆ ಏನಾಗಬಹುದು ಅಂತ. ಆಮೇಲೆ ಒಂದೊಂದೇ ಸಾಲು. ಈ ವಯಸ್ಸಿಗೆ ಪುಟಕ್ಕೆ ಒಂದೆರಡು ಸಾಲಿನ, ಅದೇ ಪದ ಮತ್ತೆ ಮತ್ತೆ ಬರುವ, ನಗಿಸುವ ಪುಸ್ತಕವೇ ಸರಿ. ದೊಡ್ಡವರಿಗೆ ಇಷ್ಟ ಅಂತ ಬುದ್ಧಿಮಾತಿನ ದಪ್ಪ ಪುಸ್ತಕ ಹೇರಬೇಡಿ. ಮುಗಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. ಚಿಕ್ಕವಳಿಗೆ ಬರೀ ಚಿತ್ರದ್ದಾದರೂ ಸಾಕು, ಬಾಯಿಗಿಟ್ಟುಕೊಂಡರೂ ಪರವಾಗಿಲ್ಲ.

"ನಾನು ತಡವರಿಸಿದ್ರೆ?" ಅಂದೆ.

"ತಡವರಿಸಿ. ಅವಳ ಜೊತೆ ತಡವರಿಸೋಕೆ ಒಬ್ಬರು ಬೇಕು."

ಆ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹೆಂಡತಿ ತರಕಾರಿ ಹೆಚ್ಚುತ್ತಾ ಅಲ್ಲೇ ಇದ್ದಳು. ಚಿತ್ರ ನೋಡಿ ಮಾತಾಡುವವರೆಗೆ ಚೆನ್ನಾಗಿತ್ತು. ಮೊದಲ ಸಾಲು ಓದಿದೆ. ಎರಡನೆಯದರಲ್ಲಿ ಸಿಕ್ಕಿಹಾಕಿಕೊಂಡೆ. ಹಿಂದಕ್ಕೆ ಹೋದೆ, ಮುಂದಕ್ಕೆ ಹೋದೆ, ಕೆಮ್ಮಿದೆ. ಹೆಂಡತಿಯ ಚಾಕು ನಿಂತಿತು.

"ಅಪ್ಪಾ, ನಿಂಗೂ ಬರಲ್ವಾ?" ಅಂದಳು ಮಗಳು.

"ಸರಿಯಾಗಿ ಬರಲ್ಲ ಕಣಮ್ಮ" ಅಂದೆ. "ಅದಕ್ಕೇ ಮೇಲಿಟ್ಟಿದ್ದೆ. ನಿನ್ನ ಕೈ ಕೊಳೆ ಇರಲಿಲ್ಲ."

ಅವಳು ತನ್ನೆರಡು ಕೈಯನ್ನೂ ಮಗುಚಿ ನೋಡಿಕೊಂಡಳು. ಆಮೇಲೆ ಗೋಂದು ಒಣಗಿ ಒರಟಾದ ನನ್ನ ತೋರುಬೆರಳನ್ನು ಹಿಡಿದು ಆ ಪದದ ಕೆಳಗೆ ಇಟ್ಟಳು.

"ಬೆರಳಿಟ್ಟು ಓದು. ನಿಧಾನಕ್ಕೆ. ಬರುತ್ತೆ ಅಂತ ಮಿಸ್ ಹೇಳಿದಾರೆ."

ಇಬ್ಬರೂ ಸೇರಿ ಆ ಪುಸ್ತಕ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ರಜೆ ಮುಗಿಯುವಷ್ಟರಲ್ಲಿ ಅದನ್ನು ಇಪ್ಪತ್ತು ಸಲವಾದರೂ ಓದಿರಬೇಕು. ಪಿನ್ನು ಕಿತ್ತುಬಂತು, ಚಿಕ್ಕವಳು ಮೇಕೆಯ ಬಾಲ ಹರಿದಳು. ಈಗ ಹೆಂಡತಿಯೂ ಬಂದು ಕೂರುತ್ತಾಳೆ, ನಾನು ತಪ್ಪಿದರೆ ತಿದ್ದುತ್ತಾಳೆ.

ಆದರೆ ಶಾಲೆ ಶುರುವಾದ ದಿನ ಗಿರಗಿಟ್ಲೆ ಕ್ಲಾಸಿನ ಬೇರೆ ಮಕ್ಕಳಿಗಿಂತ ಹಿಂದೆಯೇ ಇದ್ದಳು. ಮರೆತದ್ದು ಪೂರ್ತಿ ವಾಪಸ್ ಬಂದಿಲ್ಲ, ಇನ್ನೊಂದೆರಡು ತಿಂಗಳು ಬೇಕಾಗಬಹುದು ಅಂದರು ಮಿಸ್. ಯಾಕೆ ಹೀಗಾಯಿತು ಅಂತ ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನೇ ಹೇಳಿದೆ.

ನಾನು ಹೇಳಿ ಬರೆಸಿದ ಇದನ್ನು ಓದುತ್ತಿರುವವರೇ, ಯಾರೋ ಓದಿದ್ದನ್ನು ಕೇಳುತ್ತಿರುವವರೇ, ನಿಮ್ಮ ಮನೆಯ ಪುಸ್ತಕ ಈಗ ಎಲ್ಲಿದೆ? ಮೇಲಿದ್ದರೆ ಇವತ್ತೇ ಇಳಿಸಿ, ಮಗುವಿನ ಕೈಗೆಟುಕುವ ಕಡೆ ಇಡಿ. ಇಲ್ಲದಿದ್ದರೆ ಹತ್ತಿರದ ಲೈಬ್ರರಿಗೆ ಮಗುವನ್ನು ಕರೆದುಕೊಂಡು ಹೋಗಿ, ಅದೇ ಆರಿಸಲಿ. ದಿನಕ್ಕೆ ಕಾಲು ಗಂಟೆ ಪಕ್ಕದಲ್ಲಿ ಕೂರಿ. ಹರಿದರೆ ಅಂಟಿಸಲು ನಮ್ಮಂಥವರಿದ್ದೇವೆ. ನಿಮಗೆ ಓದಲು ಬಾರದಿದ್ದರೆ ಮಗುವಿಗೆ ಹಾಗೆಂದೇ ಹೇಳಿ. ನನ್ನ ಮಗಳು ನನ್ನನ್ನು ನೋಡಿ ನಗಲಿಲ್ಲ. ನಕ್ಕಾಳು ಅಂತ ಹೆದರಿ ನಾನು ಅವಳ ಮೂವತ್ತು ದಿನ ಕಿತ್ತುಕೊಂಡೆ.